ತಿಪ್ಪೇಲಿ ಸಿಕ್ಕ ಮೊಟ್ಟೆ ಒಡೆದು ಕೇರೆ ಹಾವಿನ ಮರಿ ಆಗಿವೆ, ಮನೇಲಿ ಸಾಕೋಕೆ ಲೈಸೆನ್ಸ್ ಸಿಗುತ್ತಾ?

ತೆಂಗಿನಸೀಮೆ:

ಎಲ್ರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ ಹಳ್ಳಿ, ತೆಂಗಿನ ತೋಟ ಇದೆ. ತೋಟಕ್ಕೆ ಗೊಬ್ಬರ ಹೊಡಿಸೋಣ ಅಂತ ತಿಪ್ಪೆ ಅಗೆಸ್ತಿದ್ವಿ, ಅರ್ಧ ಟ್ರ್ಯಾಕ್ಟರ್ ತುಂಬೋ ಅಷ್ಟೊತ್ತಿಗೆ ಒಳಗಡೆ ಬಿಳೀ ಮೊಟ್ಟೆಗಳು ಒಂದಕ್ಕೊಂದು ಅಂಟ್ಕೊಂಡಿರೋದು ಕಾಣಿಸ್ತು, ಕೂಲಿಯವರು ಹಾವಿನ ಮೊಟ್ಟೆ ಅಂತ ಗುದ್ದಲೀಲಿ ಒಡೆಯೋಕೆ ಹೋದ್ರು, ನನ್ನ ತಮ್ಮ ಬಿಡಲಿಲ್ಲ. ಅವನು ಬಿ.ಎಸ್ಸಿ ಓದ್ತಿದಾನೆ, ಹಾವು ಅಂದ್ರೆ ಚಿಕ್ಕಂದಿನಿಂದ ಪ್ರಾಣ. ಮೊಟ್ಟೆ ಎಲ್ಲಾ ಎತ್ಕೊಂಡು ಬಂದು ಪ್ಲಾಸ್ಟಿಕ್ ಟಬ್ಬಲ್ಲಿ ಅದೇ ಗೊಬ್ಬರ ಮತ್ತೆ ತೆಂಗಿನ ನಾರಿನ ಪುಡಿ ಹಾಕಿ ಮುಚ್ಚಿಟ್ಟ, ಆಗಾಗ ನೀರು ಚಿಮುಕಿಸ್ತಿದ್ದ, ಈಗ ಮರಿ ಆಗಿವೆ. ಸುಮಾರು ಮರಿ ಅವೇ ಟಬ್ಬಿಂದ ಜಾರ್ಕೊಂಡು ತೋಟಕ್ಕೆ ಹೋದ್ವು, ಮೂರು ಮರಿ ಇಟ್ಕೊಂಡಿದಾನೆ, ಹಳೇ ಮೀನಿನ ಟ್ಯಾಂಕಲ್ಲಿ. ನೋಡಿದವರೆಲ್ಲ ಕೇರೆ ಹಾವೇ ಅಂತಿದಾರೆ, ವಿಷ ಇಲ್ಲ.

ಅವನು ಯೂಟ್ಯೂಬಲ್ಲಿ ಫಾರಿನ್ನಿನವರು ಹಾವು ಸಾಕೋ ವಿಡಿಯೋ ನೋಡಿ ನಮ್ಮಲ್ಲೂ ಲೈಸೆನ್ಸ್ ತಗೊಂಡು ಸಾಕಬಹುದು ಅಂತ ಹಠ ಮಾಡ್ತಿದಾನೆ. ನಾಯಿಗೆ ಪಂಚಾಯ್ತೀಲಿ ಲೈಸೆನ್ಸ್ ಕೊಡಲ್ವಾ ಹಂಗೆ ಅಂತಾನೆ. ನಾವು ಹಿಡಿದಿಲ್ಲ, ನಮ್ಮ ಜಮೀನಲ್ಲೇ ಸಿಕ್ಕಿದ್ದು, ನಮ್ಮ ಮನೇಲೇ ಮರಿ ಆಗಿದ್ದು, ಬಿಟ್ಟಿದ್ರೆ ಕೂಲಿಯವರು ಒಡೆದು ಹಾಕ್ತಿದ್ರು ಅನ್ನೋದು ಅವನ ವಾದ. ಅಪ್ಪ ಕೇರೆ ತೋಟಕ್ಕೆ ಒಳ್ಳೇದು ಕಣೋ ಬಿಟ್ಬಿಡು ಅಂತಾರೆ. ಅಮ್ಮನಿಗೆ ಬೇರೆ ಭಯ, ಹಾವನ್ನ ಗಾಜಿನ ಡಬ್ಬೀಲಿ ಕೂಡಿಹಾಕಿದ್ರೆ ದೋಷ ಬರುತ್ತೆ ಅಂತ. ಪಕ್ಕದ ಮನೆಯವರು ಫಾರೆಸ್ಟ್‌ನೋರಿಗೆ ಗೊತ್ತಾದ್ರೆ ಒಳಗೆ ಹಾಕ್ತಾರೆ ಅಂತ ಹೆದರಿಸಿದಾರೆ. ಇವನು ಸಾಲದ್ದಕ್ಕೆ ಇನ್‌ಸ್ಟಾದಲ್ಲಿ ಒಂದು ರೀಲ್ ಬೇರೆ ಹಾಕಿದಾನೆ, ಕೈಮೇಲೆ ಮರಿ ಬಿಟ್ಕೊಂಡು.

ನನಗೆ ಬೇಕಾಗಿರೋದು ಇಷ್ಟು. ವಿಷ ಇಲ್ಲದ ಹಾವು ಸಾಕೋಕೆ ನಿಜವಾಗ್ಲೂ ಲೈಸೆನ್ಸ್ ಅಂತ ಇದೆಯಾ? ಇಲ್ಲ ಅಂದ್ರೆ ಈಗ ಏನ್ ಮಾಡ್ಬೇಕು, ನಾವಾಗೇ ಹೋಗಿ ಹೇಳಿದ್ರೆ ಕೇಸ್ ಹಾಕ್ತಾರಾ? ದಯವಿಟ್ಟು ತಿಳಿದೋರು ಹೇಳಿ, ಮೂರರಲ್ಲಿ ಎರಡು ಮರಿ ಏನೂ ತಿನ್ತಿಲ್ಲ, ಅದೊಂದು ಬೇರೆ ಚಿಂತೆ.

ಕರಿಕೋಟು:

ನಾನು ತುಮಕೂರಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಫಾರೆಸ್ಟ್ ಕೇಸುಗಳು ಒಂದಷ್ಟು ನೋಡಿದೀನಿ, ಹಾಗಾಗಿ ನೇರವಾಗೇ ಹೇಳ್ತೀನಿ. ಇಲ್ಲ ಸರ್, ಅಂಥ ಲೈಸೆನ್ಸ್ ಇಲ್ಲ. ನಮ್ಮ ದೇಶದ ಹಾವನ್ನ ಮನೇಲಿ ಸಾಕುಪ್ರಾಣಿಯಾಗಿ ಇಟ್ಕೊಳ್ಳೋಕೆ ಯಾವ ಆಫೀಸೂ ಪರ್ಮಿಟ್ ಕೊಡಲ್ಲ, ಕೊಡೋಕೆ ಕಾನೂನಲ್ಲಿ ಜಾಗವೇ ಇಲ್ಲ. ವಿಷ ಇದೆಯಾ ಇಲ್ವಾ ಅನ್ನೋದನ್ನ ಕಾನೂನು ನೋಡೋದೇ ಇಲ್ಲ, ಪಟ್ಟಿಯಲ್ಲಿ ಹೆಸರಿದೆಯಾ ಅಂತ ಮಾತ್ರ ನೋಡುತ್ತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿ. ಮೊದಲು ಆರು ಶೆಡ್ಯೂಲ್, ಅಂದ್ರೆ ಪಟ್ಟಿ, ಇತ್ತು, ಈಗ ನಾಲ್ಕೇ. ಅದರಲ್ಲಿ ಒಂದು ಮತ್ತು ಎರಡು ನಮ್ಮ ಪ್ರಾಣಿಗಳದು, ಮೂರನೇದು ಗಿಡಮರದ್ದು, ನಾಲ್ಕನೇದು ಹೊರದೇಶದ ಪ್ರಾಣಿಗಳ ವ್ಯಾಪಾರಕ್ಕೆ ಸಂಬಂಧಪಟ್ಟಿದ್ದು. ನಿಮ್ಮ ಕೇರೆ ಹಾವು ಮುಂಚೆ ಎರಡನೇ ಶೆಡ್ಯೂಲಲ್ಲಿತ್ತು, ತಿದ್ದುಪಡಿ ಆದಮೇಲೆ ಒಂದನೇ ಶೆಡ್ಯೂಲಿಗೆ ಬಂತು. ಅಂದ್ರೆ ಹುಲಿ, ಆನೆ ಇರೋ ಪಟ್ಟಿ. ನಾಗರಹಾವು, ಕೊಳಕುಮಂಡಲ, ಹೆಬ್ಬಾವು, ಕೆರೆ ಗದ್ದೇಲಿ ಕಾಣೋ ನೀರುಹಾವು ಸಹ ಅಲ್ಲೇ ಇವೆ. ಜನ ಕೇರೆ ತಾನೇ ಅಂತ ಹಗುರವಾಗಿ ತಗೋತಾರೆ, ಆದ್ರೆ ಒಂದನೇ ಶೆಡ್ಯೂಲಿನ ಪ್ರಾಣಿ ಅಂದ್ರೆ ಅಪರಾಧ ಸಾಬೀತಾದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ದಂಡ 25,000 ರೂಪಾಯಿಗೆ ಕಮ್ಮಿ ಇಲ್ಲ. ಕನಿಷ್ಠ ಶಿಕ್ಷೆ ಇರೋ ಕೇಸಾದ್ದರಿಂದ ಆಫೀಸಲ್ಲಿ ದಂಡ ಕಟ್ಟಿ ಮುಗಿಸ್ಕೊಳ್ಳೋಕೂ ಆಗಲ್ಲ.

ಇನ್ನು ನಿಮ್ಮ ತಮ್ಮನ ವಾದ. ಹಿಡಿದಿಲ್ಲ, ಮೊಟ್ಟೆ ಒಡೆದು ಮರಿ ಆಯ್ತು ಅಂತ. ಈ ಕಾಯ್ದೇಲಿ ಪ್ರಾಣಿ ಅಂದ್ರೆ ಅದರ ಮರಿ ಮತ್ತು ಮೊಟ್ಟೆಯೂ ಸೇರಿದೆ, ಹಾಗೇ ಬರೆದಿದಾರೆ. ಬೇಟೆ ಅನ್ನೋ ಪದಕ್ಕೆ ಕೊಟ್ಟಿರೋ ಅರ್ಥದಲ್ಲಿ ಕೊಲ್ಲೋದು, ಹಿಡಿಯೋದು ಅಷ್ಟೇ ಅಲ್ಲ, ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡೋದು, ಗೂಡು ಕದಡೋದು ಕೂಡ ಬರುತ್ತೆ. ನಮ್ಮ ಜಮೀನು ಅನ್ನೋದೂ ನಿಲ್ಲಲ್ಲ. 39ನೇ ಸೆಕ್ಷನ್ ಪ್ರಕಾರ ಹೀಗೆ ಹಿಡಿದಿಟ್ಟ ಅಥವಾ ಮನೇಲೇ ಹುಟ್ಟಿಸಿದ ಕಾಡುಪ್ರಾಣಿ ರಾಜ್ಯ ಸರ್ಕಾರದ ಸ್ವತ್ತು, ಯಾರ ಕೈಗೆ ಬಂತೋ ಅವರು 48 ಗಂಟೆ ಒಳಗೆ ಹತ್ತಿರದ ಪೊಲೀಸ್ ಸ್ಟೇಷನ್ನಿಗೋ ಅರಣ್ಯ ಅಧಿಕಾರಿಗೋ ತಿಳಿಸ್ಬೇಕು. 57ನೇ ಸೆಕ್ಷನ್ ಇನ್ನೂ ಬಿಗಿ, ಪ್ರಾಣಿ ನಿಮ್ಮ ಹತ್ರ ಇದೆ ಅಂತ ಸಾಬೀತಾದ್ರೆ ಸಾಕು, ಅಕ್ರಮ ಅಲ್ಲ ಅಂತ ತೋರಿಸೋ ಹೊಣೆ ನಿಮ್ಮ ಮೇಲೇ ಬೀಳುತ್ತೆ.

ಪರ್ಮಿಟ್ ಅಂತ ಇರೋದು 12ನೇ ಸೆಕ್ಷನ್ ಒಂದೇ. ಶಿಕ್ಷಣ, ಸಂಶೋಧನೆ, ಮ್ಯೂಸಿಯಂ, ಮೃಗಾಲಯಕ್ಕೆ, ಮತ್ತೆ ಔಷಧಿ ಮಾಡೋಕೆ ಹಾವಿನ ವಿಷ ತೆಗೆಯೋದಕ್ಕೆ. ಅದನ್ನ ಕೊಡೋದು ಮುಖ್ಯ ವನ್ಯಜೀವಿ ಪರಿಪಾಲಕರು, ಒಂದನೇ ಶೆಡ್ಯೂಲ್ ಆದ್ರೆ ಕೇಂದ್ರದ ಒಪ್ಪಿಗೆ ಬೇಕು. ಮನೇಲಿ ಆಸೆಗೆ ಸಾಕೋದು ಅದರೊಳಗೆ ಬರಲ್ಲ.

ನಾವಾಗೇ ಹೋಗಿ ಹೇಳಿದ್ರೆ ಕೇಸ್ ಹಾಕ್ತಾರಾ ಅಂತ ಕೇಳಿದ್ರಿ. ಹಾಕಲ್ಲ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ಆದ್ರೆ ಕೂಲಿಯವರಿಂದ ಮೊಟ್ಟೆ ಉಳಿಸಿದ್ದು, ಮಾರಿಲ್ಲ, ಮುಚ್ಚಿಟ್ಟಿಲ್ಲ, ತಾವಾಗೇ ಬಂದು ಒಪ್ಪಿಸಿದ್ದು, ಇದೆಲ್ಲ ನಿಮ್ಮ ಪರವಾಗಿರೋ ಮಾತು, ಇದೇ ಮರಿಗಳು ರೀಲ್ ನೋಡಿ ಯಾರೋ ದೂರು ಕೊಟ್ಟು ಟ್ಯಾಂಕ್ ಸಮೇತ ಸಿಕ್ಕಿದ್ರೆ ಆ ಮಾತು ಹೇಳೋಕೆ ಬಾಯಿ ಇರಲ್ಲ. ಇವತ್ತೇ ಹೋಗಿ. ಊರಲ್ಲಿ ನಿಮಗೆ ಗೊತ್ತಿರೋ ವಕೀಲರಿದ್ರೆ ಜೊತೇಲಿ ಕರ್ಕೊಂಡು ಹೋಗಿ, ನಡೆದಿದ್ದನ್ನ ಒಂದು ಹಾಳೇಲಿ ಇದ್ದ ಹಾಗೇ ಬರೆದು ತಗೊಂಡು ಹೋಗಿ.

ಕಾಡುದಾರಿ:

ಶಿವಮೊಗ್ಗದಿಂದ, ಹಾವು ರೆಸ್ಕ್ಯೂ ಮಾಡ್ತೀನಿ, ಇಲಾಖೆಯವರ ಜೊತೇಲೇ. ವಕೀಲರು ಕಾನೂನು ಹೇಳಿದಾರೆ, ನಾನು ಹಾವಿನ ಕಡೆಯಿಂದ ಹೇಳ್ತೀನಿ.

ಮೊದಲನೇದು, ಅದು ಕೇರೆನೇ ಅಂತ ಯಾರು ನೋಡಿ ಹೇಳಿದ್ದು? ನಾಗರಹಾವೂ ಮೊಟ್ಟೆ ಇಡುತ್ತೆ, ಕಟ್ಟುಹಾವೂ ಮೊಟ್ಟೆ ಇಡುತ್ತೆ, ಇಲಿಬಿಲ, ಹುತ್ತ, ತಿಪ್ಪೆ ಹೀಗೆ ಬೆಚ್ಚಗಿರೋ ಕಡೆ ಎಲ್ಲ ಸಿಗ್ತವೆ. ಮೊಟ್ಟೆ ನೋಡಿ ಇದು ಇಂಥದ್ದೇ ಅಂತ ಹೇಳೋದು ಪಳಗಿದವರಿಗೂ ಕಷ್ಟ. ನಾಗರಹಾವಿನ ಮರಿಗೆ ಮೊಟ್ಟೆಯಿಂದ ಹೊರಗೆ ಬಂದ ದಿನಾನೇ ವಿಷ ಇರುತ್ತೆ. ನಿಮ್ಮ ತಮ್ಮ ಮೊಟ್ಟೆ ಎತ್ಕೊಂಡು ಬಂದಾಗ ಒಳಗೆ ಏನಿದೆ ಅಂತ ಅವನಿಗೆ ಗೊತ್ತಿರಲಿಲ್ಲ, ಅದನ್ನ ಅವನಿಗೆ ಸರಿಯಾಗಿ ಕೂರಿಸಿ ಹೇಳಿ. ಕೇರೆ ಮರಿ ತೆಳ್ಳಗೆ ಉದ್ದ ಇರುತ್ತೆ, ಕಣ್ಣು ದೊಡ್ಡದು, ಮೈಯ ಮುಂದಿನ ಭಾಗದಲ್ಲಿ ಮಸುಕಾದ ಅಡ್ಡಪಟ್ಟೆ ಇರ್ತವೆ. ಆದ್ರೆ ಫೋಟೋ ಹಾಕಿ ಇಲ್ಲಿ ಕೇಳೋದು ಬೇಡ, ಅದನ್ನೂ ಫಾರೆಸ್ಟ್‌ನೋರೇ ನೋಡ್ಲಿ.

ಇದು ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ವಿಷ ಇಲ್ಲ ಅಂತ ನಂಬಿ ಕೈಹಾಕೋದರಲ್ಲೇ ಜನ ಸಾಯ್ತಾರೆ. ಬೂದು ಬಣ್ಣದ ಮಣ್ಣುಹಾವು ಅಂತ ಎತ್ಕೊಂಡಿದ್ದು ಕೊಳಕುಮಂಡಲ ಆಗಿರುತ್ತೆ, ಎರಡರ ಮೈಮೇಲೂ ಕಂದು ಮಚ್ಚೆ, ಎರಡೂ ದಪ್ಪ ಮೈ. ಹೆಬ್ಬಾವಿನ ಮರಿ ಅಂತ ಕೊಳಕುಮಂಡಲ ಹಿಡಿದೋರೂ ಇದಾರೆ. ತೋಳಹಾವು ಮನೆಯೊಳಗೆ ಹಲ್ಲಿ ತಿನ್ನೋಕೆ ಬರುತ್ತೆ, ವಿಷ ಇಲ್ಲ, ಅದರ ಮೈಮೇಲೆ ಬಿಳೀ ಪಟ್ಟೆ ಕುತ್ತಿಗೆ ಹತ್ರನೇ ಎದ್ದು ಕಾಣಿಸಿ ಬಾಲದ ಕಡೆ ಮಾಸುತ್ತೆ. ಕಟ್ಟುಹಾವಲ್ಲಿ ಸಾಮಾನ್ಯವಾಗಿ ಉಲ್ಟಾ, ತಲೆ ಕಡೆ ಪಟ್ಟೆ ಇರಲ್ಲ ಅಥವಾ ಮಸುಕು, ಹಿಂದಕ್ಕೆ ಹೋದಂಗೆ ಜೋಡಿಜೋಡಿಯಾಗಿ ಸ್ಪಷ್ಟ. ರಾತ್ರಿ ಟಾರ್ಚ್ ಬೆಳಕಲ್ಲಿ ಈ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ ಹೇಳಿ. ಕಟ್ಟುಹಾವು ಕಚ್ಚಿದ್ರೆ ಎಷ್ಟೋ ಸಲ ನೋವೇ ಇರಲ್ಲ, ಇರುವೆ ಕಚ್ಚಿತು ಅನ್ಕೊಂಡು ಮಲಗ್ತಾರೆ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರೀಲಿ ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡ್ಬೇಕು ಅಂತ ಸರ್ಕಾರ ಆದೇಶ ಮಾಡಿದ್ದು ಸುಮ್ನೆ ಅಲ್ಲ.

ಎರಡನೇದು ತಿನ್ತಿಲ್ಲ ಅನ್ನೋದು. ಕೇರೆ ಕೂತಲ್ಲೇ ಕೂರೋ ಹಾವಲ್ಲ. ಹಗಲೆಲ್ಲ ಓಡಾಡ್ಕೊಂಡು, ಬೇಲಿ ಬದು ಮರ ಎಲ್ಲ ಹತ್ತಿಳಿದು ಬೇಟೆ ಆಡೋ ಜೀವ, ಬೆಳೆದ್ರೆ ಎರಡು ಮೀಟರ್ ದಾಟುತ್ತೆ. ಇದನ್ನ ಮೀನಿನ ಟ್ಯಾಂಕಲ್ಲಿಟ್ರೆ ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡ್ಕೊಳ್ಳುತ್ತೆ, ಆ ಗಾಯ ಕೀವಾಗಿ ಬಾಯಿ ಕೊಳೆಯುತ್ತೆ, ಆಮೇಲೆ ತಿನ್ನೋದೇ ಬಿಡುತ್ತೆ. ಬಾಯಿಗೆ ಒತ್ತಿ ಏನೂ ತಿನ್ನಿಸೋಕೆ ಹೋಗಬೇಡಿ, ಕಪ್ಪೆ ಹಿಡ್ಕೊಂಡು ಬಂದು ಹಾಕೋದೂ ನಿಲ್ಲಿಸಿ. ಅಗಲ ಪಾತ್ರೇಲಿ ಸ್ವಲ್ಪ ನೀರು, ಅವಿತ್ಕೊಳ್ಳೋಕೆ ಒಂದು ತುಂಡು ಮಡಕೆ ಚೂರು ಅಥವಾ ತೆಂಗಿನ ಚಿಪ್ಪು, ಬಿಸಿಲು ಬೀಳದ ಜಾಗ, ಇಷ್ಟು ಮಾಡಿ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆ ಸಹಾಯವಾಣಿ. ಇಲ್ಲ ಅಂದ್ರೆ ನೇರ ರೇಂಜ್ ಆಫೀಸಿಗೆ. ಅವರೇ ಬಂದು ತಗೊಂಡು ಹೋಗಲಿ ಅಂತ ಕೇಳಿ, ಡಬ್ಬೀಲಿ ಹಾಕ್ಕೊಂಡು ಬಸ್ಸಲ್ಲಿ ಹೋಗೋದು ಬೇಡ.

ಇನ್ನೊಂದು, ಬಿಡೋವಾಗ ಎಲ್ಲೋ ದೂರದ ಕಾಡಿಗೆ ಬಿಡಿ ಅಂತ ನೀವು ಕೇಳಬೇಡಿ. ನಿಮ್ಮ ತೋಟದ ಸುತ್ತಮುತ್ತಲೇ ಅವು ಹುಟ್ಟಿದ್ದು, ಅಲ್ಲೇ ಬಿಟ್ರೆ ಬದುಕ್ತವೆ. ಗೊತ್ತಿಲ್ಲದ ಜಾಗಕ್ಕೆ ಬಿಟ್ಟ ಹಾವು ನೀರು, ಬಿಲ, ಊಟ ಎಲ್ಲಿದೆ ಅಂತ ತಿಳಿಯದೆ ಅಲೀತಾ ರಸ್ತೆಗೆ ಬಂದು ಸಾಯುತ್ತೆ. ಎಲ್ಲಾದ್ರೂ ಬಿಟ್ರಾಯ್ತು ಅನ್ನೋದು ರೆಸ್ಕ್ಯೂ ಮಾಡೋರಲ್ಲೂ ಇದೆ, ಅದನ್ನ ನಾನು ಒಪ್ಪಲ್ಲ.

ರೀಲ್ ಡಿಲೀಟ್ ಮಾಡಿಸಿಬಿಡಿ ಅಂತ ಬರೆಯೋಣ ಅನ್ಕೊಂಡೆ, ವಕೀಲರು ಏನಂತಾರೆ ನೋಡಿ.

ಕರಿಕೋಟು:

ರೀಲ್ ಬಗ್ಗೆ: ಆಫೀಸಿಗೆ ಹೋದಾಗ ಅದನ್ನೂ ಹೇಳ್ಬೇಕು, ಮುಚ್ಚಿಡಬಾರದು. ಕೇಸ್ ಆಗುತ್ತೆ ಅಂತ ಗೊತ್ತಿದ್ದು ಸಾಕ್ಷ್ಯ ಅಳಿಸಿದ್ರು ಅಂತ ಬರೋದಕ್ಕಿಂತ, ಜನ ನೋಡದಂಗೆ ಪ್ರೈವೇಟ್ ಮಾಡಿಟ್ಟು ಅಧಿಕಾರಿಗೆ ಇದ್ದಂಗೆ ಹೇಳೋದು ವಾಸಿ.

ಸ್ಕೇಲ್ಸ್_ಬೆಂಗ್ಳೂರು:

ಎಲ್ಲರೂ ಹೆದರಿಸ್ತಿದೀರಾ ಆದ್ರೆ ಬೆಂಗಳೂರಲ್ಲಿ ಎಷ್ಟೋ ಮನೇಲಿ ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಅನ್ನೋ ಹೊರದೇಶದ ಹಾವು ಇವೆ, ಅವರಿಗೆ ಯಾರೂ ಏನೂ ಮಾಡಿಲ್ಲ. ಆಫ್ರಿಕಾದ ಹಾವು ಸಾಕಬಹುದು, ನಮ್ಮೂರ ಕೇರೆ ಸಾಕಬಾರದು ಅಂದ್ರೆ ಇದು ಯಾವ ನ್ಯಾಯ? ನನ್ನ ಅಭಿಪ್ರಾಯ ಹೇಳ್ತೀನಿ, ಇಂಥ ಹುಡುಗರು ನಾಲ್ಕು ಜನ ಸರಿಯಾಗಿ ಕಲ್ತು ಮನೇಲಿ ಮರಿ ಮಾಡಿಸಿದ್ರೆ ಕಾಡಿಂದ ಹಿಡಿಯೋದೇ ನಿಲ್ಲುತ್ತೆ. ಹಾವು ಅಂದ್ರೆ ದೊಣ್ಣೆ ತಗೊಳ್ಳೋ ಊರಲ್ಲಿ ಒಬ್ಬ ಹುಡುಗ ಮೊಟ್ಟೆ ಉಳಿಸಿದಾನೆ, ಅವನಿಗೆ ಏಳು ವರ್ಷ ಜೈಲು ಅಂತ ತೋರಿಸಿದ್ರೆ ಮುಂದಿನ ಸಲ ಅವನೂ ಗುದ್ದಲಿ ಎತ್ತೋರನ್ನ ನೋಡ್ಕೊಂಡು ಸುಮ್ನಿರ್ತಾನೆ. ಆಸಕ್ತಿ ಇರೋರಿಗೆ ಪರೀಕ್ಷೆ ಇಟ್ಟು ಪರ್ಮಿಟ್ ಕೊಡೋ ವ್ಯವಸ್ಥೆ ಬರಬೇಕು ಅಂತ ನನ್ನ ವಾದ.

ಕರಿಕೋಟು:

ಮೊಟ್ಟೆ ಉಳಿಸಿದ ಹುಡುಗನ ಬಗ್ಗೆ ನೀವು ಹೇಳಿದ್ದು ಸರಿ, ಅದಕ್ಕೇ ಬೇಗ ಹೋಗಿ ಒಪ್ಪಿಸಿ ಅಂತ ನಾನೂ ಹೇಳಿದ್ದು. ಆದ್ರೆ ಹೊರದೇಶದ ಹಾವಿಗೆ ಯಾವ ನಿಯಮವೂ ಇಲ್ಲ ಅನ್ನೋ ಥರ ಬರೆದಿದೀರಾ, ಅದು ತಪ್ಪು. 2020ರಲ್ಲಿ ಕೇಂದ್ರ ಸರ್ಕಾರ ಇಂಥ ಪ್ರಾಣಿ ಇದ್ದೋರು ತಾವಾಗೇ ಘೋಷಿಸ್ಕೊಳ್ಳಿ ಅಂತ ಒಂದು ಅವಕಾಶ ಕೊಟ್ಟಿತ್ತು. 2022ರ ತಿದ್ದುಪಡೀಲಿ ನಾಲ್ಕನೇ ಶೆಡ್ಯೂಲ್ ಮತ್ತು 49ಎಂ ಸೆಕ್ಷನ್ ಬಂತು, 2024ರ ಫೆಬ್ರವರೀಲಿ ನೋಂದಣಿ ನಿಯಮ ಬಂತು. ಬಾಲ್ ಪೈಥಾನ್ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟೀಲಿದೆ, ಅದನ್ನ ಇಟ್ಕೊಂಡಿರೋರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಾಯಿಸ್ಬೇಕು, ಮರಿ ಆದ್ರೆ, ಸತ್ತರೆ, ಬೇರೆಯವರಿಗೆ ಕೊಟ್ರೆ ಎಲ್ಲಾ ತಿಳಿಸ್ಬೇಕು. ಕಾಗದ ಇಲ್ಲದೆ ಇಟ್ಕೊಂಡಿರೋರಿಗೆ ಏನೂ ಆಗಿಲ್ಲ ಅಂದ್ರೆ ಇನ್ನೂ ಯಾರೂ ಬಾಗಿಲು ತಟ್ಟಿಲ್ಲ ಅಂತ ಅಷ್ಟೇ.

ಈ ಆಸೆಯ ಇನ್ನೊಂದು ತುದಿ ಎಲ್ಲಿದೆ ಅಂತ ಬೆಂಗಳೂರಿನೋರಿಗೆ ಗೊತ್ತಿರಬೇಕು. 2024ರ ಏಪ್ರಿಲಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬ ಪ್ರಯಾಣಿಕನ ಬ್ಯಾಗಲ್ಲಿ ಕೆಂಪೇಗೌಡ ಏರ್‌ಪೋರ್ಟಲ್ಲಿ 10 ಹಳದಿ ಅನಕೊಂಡ ಸಿಕ್ಕಿದ್ವು, ಬಟ್ಟೆಬರೆ ಹಾಕೋ ಬ್ಯಾಗಲ್ಲಿ. ಯಾರೋ ಕೊಳ್ಳೋರಿದಾರೆ ಅಂತಾನೇ ತರೋದು.

ಮತ್ತೆ ಮನೇಲಿ ಮರಿ ಮಾಡಿಸಿದ್ರೆ ಕಾಡಿಂದ ಹಿಡಿಯೋದು ನಿಲ್ಲುತ್ತೆ ಅನ್ನೋದು. ಇದು ಕೇಳೋಕೆ ಚೆಂದ, ಆದ್ರೆ ಟ್ಯಾಂಕಲ್ಲಿರೋ ಕೇರೆ ಮನೇಲಿ ಹುಟ್ಟಿದ್ದಾ ಬೇಲಿಯಿಂದ ಹಿಡಿದಿದ್ದಾ ಅಂತ ನೋಡಿ ಹೇಳೋದು ಹೇಗೆ? ಹೊರಗೆ ಸಿಗದ ಪ್ರಾಣಿಗೆ ಲೆಕ್ಕ ಇಡಬಹುದು, ಊರ ತುಂಬಾ ಬಿಟ್ಟಿ ಸಿಗೋ ಹಾವಿಗೆ ಲೆಕ್ಕ ಯಾರು ಇಡ್ತಾರೆ? ಆ ಕಾರಣಕ್ಕೇ ನಮ್ಮ ಹಾವಿಗೆ ನಿಯಮ ಹೆಚ್ಚು ಬಿಗಿ, ಅದು ಸರಿ ಅಂತಾನೇ ನನಗೂ ಅನ್ಸುತ್ತೆ.

ಸಿಡ್ನಿಯ_ಸುಬ್ಬಣ್ಣ:

ಪರೀಕ್ಷೆ ಪರ್ಮಿಟ್ ಅಂತ ಮಾತು ಬಂತಲ್ಲ, ನಾನಿರೋದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಇಲ್ಲಿ ನಿಮ್ಮಲ್ಲಿರೋದರ ಪೂರ್ತಿ ಉಲ್ಟಾ. ಈ ದೇಶದ ಹಾವು ಲೈಸೆನ್ಸ್ ತಗೊಂಡು ಸಾಕಬಹುದು, ಹೊರದೇಶದ ಹಾವು ಸಾಕೋ ಹಾಗೇ ಇಲ್ಲ. ನೀವು ಹೇಳಿದ ಕಾರ್ನ್ ಸ್ನೇಕ್ ಇಲ್ಲಿ ಮನೇಲಿ ಸಿಕ್ರೆ ಅಪರಾಧ, ತಪ್ಪಿಸ್ಕೊಂಡು ಹೋಗಿ ಇಲ್ಲಿನ ಕಾಡಲ್ಲಿ ಬೇರೂರಿದ್ರೆ ಅಂತ ಸರ್ಕಾರಕ್ಕೆ ಭಯ, ಹೊರಗಿಂದ ಮೊಲ ಮತ್ತೆ ಕೇನ್ ಟೋಡ್ ಅನ್ನೋ ವಿಷದ ಕಪ್ಪೆ ತಂದು ಬಿಟ್ಟು ಪಟ್ಟಿರೋ ಪಾಡು ಇನ್ನೂ ಮುಗಿದಿಲ್ಲ.

ನನ್ನ ಮಗನ ಫ್ರೆಂಡ್ ಮನೇಲಿ ಕಾರ್ಪೆಟ್ ಪೈಥಾನ್ ಅನ್ನೋ ಇಲ್ಲಿನ ಹೆಬ್ಬಾವು ಇದೆ. ಅದಕ್ಕೆ ಮೊದಲನೇ ದರ್ಜೆ ಸರೀಸೃಪ ಲೈಸೆನ್ಸ್ ಬೇಕು, ವಿಷದ ಹಾವಿಗೆ ಮೇಲಿನ ದರ್ಜೆ, ಅದನ್ನ ಅನುಭವ ತೋರಿಸದೆ ಕೊಡಲ್ಲ. ಮುಖ್ಯವಾದ ವಿಷಯ ಏನಂದ್ರೆ ಲೈಸೆನ್ಸ್ ಇದೆ ಅಂತ ಹಿತ್ತಲಿಗೆ ಬಂದ ಹಾವನ್ನ ಎತ್ತಿ ಟ್ಯಾಂಕಿಗೆ ಹಾಕೋಕೆ ಆಗಲ್ಲ. ಕಾಡಿಂದ ಹಿಡಿಯೋದು ಇಲ್ಲೂ ನಿಷೇಧ, ಲೈಸೆನ್ಸ್ ಇರೋ ಇನ್ನೊಬ್ಬರ ಹತ್ರ ಹುಟ್ಟಿದ ಮರಿಯನ್ನೇ ತಗೋಬೇಕು, ತಗೊಂಡಿದ್ದು ಕೊಟ್ಟಿದ್ದು ಸತ್ತಿದ್ದು ಎಲ್ಲ ದಾಖಲೆ ಇಡಬೇಕು. ಫಾರಿನ್ ವಿಡಿಯೋದಲ್ಲಿ ಹಾವು ಮಾತ್ರ ಕಾಣುತ್ತೆ, ಆ ಲೆಕ್ಕದ ಪುಸ್ತಕ ತೋರಿಸಲ್ಲ. ನಿಮ್ಮ ತಮ್ಮ ಮಾಡಿದ್ದನ್ನೇ, ಅಂದ್ರೆ ಹೊರಗೆ ಸಿಕ್ಕ ಮೊಟ್ಟೆ ತಂದು ಮರಿ ಮಾಡಿಸಿ ಇಟ್ಕೊಳ್ಳೋದನ್ನ, ಇಲ್ಲಿ ಮಾಡಿದ್ರೂ ಇದೇ ತಾಪತ್ರಯ.

ಪೀಚ್‌ಸ್ಟೇಟ್_ಗೌಡ:

ಅಟ್ಲಾಂಟಾದಿಂದ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ರೂಲು. ನಮ್ಮ ಜಾರ್ಜಿಯಾದಲ್ಲಿ ಇಲ್ಲೇ ಸಿಗೋ ವಿಷವಿಲ್ಲದ ಹಾವು ಪೆಟ್ ಆಗಿ ಇಟ್ಕೊಳ್ಳೋ ಹಾಗಿಲ್ಲ, ಬಾಲ್ ಪೈಥಾನ್ ಇಟ್ಕೋಬಹುದು. ಕಾರ್ನ್ ಸ್ನೇಕ್ ಇಲ್ಲಿನ ಕಾಡಲ್ಲೇ ಇರೋದ್ರಿಂದ ಪಕ್ಕದ ರಾಜ್ಯದ ಪೆಟ್ ಅಂಗಡೀಲಿ ಕೊಂಡು ತಂದ್ರೂ ಇಲ್ಲಿ ಕಷ್ಟ. ಅಂದ್ರೆ ನಮ್ಮೂರ ಹಾವನ್ನ ಮುಟ್ಟಬೇಡಿ ಅನ್ನೋ ಕಾನೂನು ಇಂಡಿಯಾದಲ್ಲಿ ಮಾತ್ರ ಇದೆ ಅನ್ಕೋಬೇಡಿ, ಅದನ್ನ ಹೇಳೋಕೆ ಬರೆದೆ.

ಮಾಸ್ತರಬಾಯಿ:

ನಾ ಹಾವೇರಿ ಜಿಲ್ಲಾದಾಗ ಸಾಲಿ ಟೀಚರ್ ಅದೀನ್ರಿ. ಬೆಂಗಳೂರಿನ ತಮ್ಮ ನ್ಯಾಯ ಅಂತ ಕೇಳ್ಯಾನ, ಅದಕ್ಕ ನಂದೂ ಒಂದು ಮಾತು. ಈ ಕೇರಿ ಹಾವಿಗೆ ಇಷ್ಟ್ ಬಿಗಿ ಕಾನೂನು ಯಾಕ ಬಂತು ಅಂದ್ರ ಅದರ ಹಿಂದಿಂದು ನೋಡ್ಬೇಕ್ರಿ. ಒಂದು ಕಾಲದಾಗ ನಮ್ಮ ದೇಶದಿಂದ ಹಾವಿನ ಚರ್ಮ ಹಡಗು ತುಂಬಿ ಹೊರಗ ಹೋಗ್ತಿತ್ತು, ಬೆಲ್ಟು, ಪರ್ಸು, ಬೂಟು ಮಾಡಾಕ. ಅದರಾಗ ಕೇರಿ ಹಾವಿಂದು ದೊಡ್ಡ ಪಾಲು, ಯಾಕಂದ್ರ ಉದ್ದ ಐತಿ, ವಿಷ ಇಲ್ಲ, ಹಿಡಿಯಾಕ ಸರಳ. ಹೊಲದಾಗ ಇಲಿ ತಿನ್ನು ಜೀವ ಹಿಂಗ ಖಾಲಿ ಆದ್ರ ಜ್ವಾಳ, ಭತ್ತ ಯಾರ ಬಾಯಿಗೆ ಹೋಗತೈತಿ ಹೇಳ್ರಿ. 1976ರಾಗ ಆ ರಫ್ತು ಬಂದ್ ಆತು. ತಮಿಳುನಾಡಿನ ಇರುಳರು ಅನ್ನೂ ಹಾವು ಹಿಡಿಯೂ ಬುಡಕಟ್ಟಿನ ಮಂದಿ ಈ ಚರ್ಮದ ಮ್ಯಾಲೇ ಬದುಕಿದ್ರು, ಅವರ ಹೊಟ್ಟಿ ಮ್ಯಾಲ ಏಟು ಬಿತ್ತು. ಆಮ್ಯಾಲ 1978ರಾಗ ಹಾವಿನ ತಜ್ಞ ರೊಮುಲಸ್ ವಿಟೇಕರ್ ಅವರ ಜೋಡಿ ಸೇರಿ ಅವರದೇ ಒಂದು ಸಹಕಾರ ಸಂಘ ಆತು, ಚೆನ್ನೈ ಹತ್ರ, ಸರ್ಕಾರದ ಪರ್ಮಿಟ್ ತಗೊಂಡು ಹಾವು ಹಿಡಿದು, ವಿಷ ತಗದು, ಹಾವನ್ನ ವಾಪಸ್ ಬಿಡ್ತಾರ. ನಮಗ ಹಾವು ಕಚ್ಚಿದಾಗ ದವಾಖಾನ್ಯಾಗ ಕೊಡೂ ಔಷಧಕ್ಕ ಬೇಕಾದ ವಿಷ ಅಲ್ಲಿಂದನೂ ಬರತೈತಿ. ವಕೀಲರು ಹೇಳಿದ 12ನೇ ಸೆಕ್ಷನ್ ಇರೂದು ಇಂಥಾದ್ದಕ್ಕ.

ಹಾವಾಡಿಗರ ವಿಷಯಾನೂ ಹಂಗ. ತಲಿತಲಾಂತರದಿಂದ ಬುಟ್ಟ್ಯಾಗ ನಾಗರಹಾವು ಹೊತ್ತು ಹೊಟ್ಟಿ ಹೊರದವರಿಗೆ ಈ ಕಾನೂನು ಬುಟ್ಟಿ ಕೆಳಗ ಇಡಿಸೇತಿ. ಅವರ ಮಕ್ಕಳು ನಮ್ಮ ಸಾಲ್ಯಾಗ ಅದಾರ. ಆ ಬಡವರಿಗೆ ಬ್ಯಾಡ ಅಂದ ಮ್ಯಾಲ, ಶೋಕಿಗೆ ಸಾಕೂ ಮಂದಿಗೆ ಬಾಗಿಲಾ ತಗದು ಕೊಡೂದು ನನಗ ಬರೋಬ್ಬರಿ ಅನಸೂದಿಲ್ಲ. ಹಂಗಂತ ಈ ತಿಪಟೂರಿನ ಹುಡುಗನ ಆಸಕ್ತಿ ಸಾಯಬಾರದು, ಅದು ಬಾಳ ದೊಡ್ಡದು. ಆಗುಂಬೆಯಾಗ ಕಾಳಿಂಗ ಸರ್ಪದ ಮ್ಯಾಲ ಕೆಲಸ ಮಾಡೂ ಕೇಂದ್ರ ಐತಿ, 2005ರಾಗ ಚಾಲೂ ಆಗೇತಿ, ಡಿಗ್ರಿ ಮುಗಿಸಿ ಅಂಥಲ್ಲಿ ಹೋಗಬಹುದು. ಅಲ್ಲಿತನಕ ತ್ವಾಟದಾಗ ಒಂದು ನೋಟ್‌ಬುಕ್ ಹಿಡದು ಯಾವ ಹಾವು ಯಾವ ತಿಂಗಳದಾಗ ಎಲ್ಲಿ ಕಂಡಿತು ಅಂತ ಬರೀಲಿ, ದೂರ ನಿಂತು ಫೋಟೋ ತಗೀಲಿ. ತಂಗಿ, ಅಲ್ಲ ತಮ್ಮ, ಯಾರಿದ್ದೀರೋ ಗೊತ್ತಿಲ್ಲ, ನಿಮ್ಮ ಅವ್ವಾರಿಗೂ ಹೇಳ್ರಿ, ಮರಿ ತ್ವಾಟಕ್ಕ ವಾಪಸ್ ಹೋದ್ರ ಅವರ ಮನಸ್ಸಿಗೂ ಸಮಾಧಾನ ಆಗತೈತಿ.

ಸ್ಕೇಲ್ಸ್_ಬೆಂಗ್ಳೂರು:

ಮೇಡಂ, ಹಾವಾಡಿಗರ ವಿಷಯ ನಾನು ಆ ಕಡೆಯಿಂದ ಯೋಚಿಸಿರಲಿಲ್ಲ, ಅದನ್ನ ಒಪ್ತೀನಿ. ಲೆಕ್ಕ ಇಡೋ ವ್ಯವಸ್ಥೆ ಮೊದಲು ಬರಬೇಕು, ಆಮೇಲೆ ಪರ್ಮಿಟ್ ಮಾತು ಅನ್ನೋದೂ ಸರಿ. ಆದ್ರೂ ಆಸಕ್ತಿ ಇರೋ ಹುಡುಗರಿಗೆ ಜಿಲ್ಲೆಗೊಂದಾದ್ರೂ ಕಲಿಯೋ ಜಾಗ ಬೇಕು, ಬನ್ನೇರುಘಟ್ಟಕ್ಕೆ ಬಂದು ಗಾಜಿನಾಚೆಯಿಂದ ನೋಡ್ಕೊಂಡು ಹೋಗಿ ಅಂದ್ರೆ ಸಾಲಲ್ಲ. ಇದನ್ನ ಇಲಾಖೆಯವರು ಮಾಡ್ಬೇಕು.

ತೆಂಗಿನಸೀಮೆ:

ಎಲ್ರಿಗೂ ತುಂಬಾ ಧನ್ಯವಾದ. ಅಕ್ಕ, ನಾನು ತಂಗಿನೇ, ಪ್ರೊಫೈಲಲ್ಲಿ ಹೆಸರು ಹಾಕಿಲ್ಲ. ನೀವೆಲ್ಲ ಬರೆದಿದ್ದನ್ನ ತಮ್ಮನಿಗೆ ಪೂರ್ತಿ ಓದಿಸಿದೆ. ಕಾನೂನಿನ ಭಾಗಕ್ಕೆ ಅವನು ಅಷ್ಟು ಜಗ್ಗಲಿಲ್ಲ, ಗಾಜಿಗೆ ಮೂತಿ ಉಜ್ಜಿ ಗಾಯ ಆಗುತ್ತೆ ಅಂತ ಓದಿದ ತಕ್ಷಣ ಹೋಗಿ ಟ್ಯಾಂಕ್ ನೋಡಿದ, ಒಂದು ಮರಿಗೆ ಮೂಗಿನ ಹತ್ರ ಕೆಂಪಾಗಿತ್ತು. ಆಮೇಲೆ ಅವನೇ 1926ಕ್ಕೆ ಫೋನ್ ಮಾಡಿದ. ಅಪ್ಪ ನಮ್ಮೂರಿನ ವಕೀಲರೊಬ್ಬರನ್ನ ಕರ್ಕೊಂಡು ಆಫೀಸಿಗೆ ಹೋಗಿ ನಡೆದಿದ್ದು ಬರೆದುಕೊಟ್ಟು ಬಂದ್ರು, ರೀಲ್ ವಿಷಯನೂ ಬರೆದ್ರು.

ಫಾರೆಸ್ಟ್‌ನೋರು ಮನೆಗೇ ಬಂದ್ರು. ಕೇರೆನೇ ಅಂತ ಖಚಿತ ಮಾಡಿದ್ರು. ಒಂದಷ್ಟು ಬೈದ್ರು, ತಮ್ಮನ ಹತ್ರ ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಬರೆಸ್ಕೊಂಡ್ರು, ಮೂರು ಮರಿ ಪಡೆದ ಬಗ್ಗೆ ನಮಗೂ ಒಂದು ಕಾಪಿ ಕೊಟ್ರು. ಎರಡು ಮರೀನ ನಮ್ಮ ತೋಟದ ಆಚೆ ಹಳ್ಳದ ಬದೀಲಿ ಅವತ್ತೇ ಬಿಟ್ರು, ಗಾಯ ಆಗಿರೋದನ್ನ ಡಾಕ್ಟರಿಗೆ ತೋರಿಸ್ತೀವಿ ಅಂತ ತಗೊಂಡು ಹೋದ್ರು. ಮುಂದೆ ಏನಾದ್ರೂ ನೋಟಿಸ್ ಬರುತ್ತಾ ಅಂತ ಅಪ್ಪನಿಗೆ ಇನ್ನೂ ಅಳುಕಿದೆ, ಕರಿಕೋಟು ಸರ್ ಏನಾದ್ರೂ ಹೇಳಿ. ಮತ್ತೆ ಕಾಡುದಾರಿ ಅಣ್ಣನಿಗೆ ಒಂದು ಪ್ರಶ್ನೆ, ನಮ್ಮ ತಿಪ್ಪೇಲಿ ಮುಂದಿನ ವರ್ಷವೂ ಮೊಟ್ಟೆ ಸಿಕ್ರೆ ಆಗ ಏನ್ ಮಾಡೋದು? ಗೊಬ್ಬರ ಅಂತೂ ಹೊಡೆಯಲೇಬೇಕು.

ಕರಿಕೋಟು:

ಆ ಕಾಪಿ ಜೋಪಾನ ಇಡಿ, ಅಪ್ಪ ಬರೆದುಕೊಟ್ಟ ಪತ್ರದ ನಕಲಲ್ಲಿ ಆಫೀಸಿನ ಸೀಲು, ತಾರೀಖು ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಹೋಗಿ ಹಾಕಿಸ್ಕೊಂಡು ಬನ್ನಿ. ನೋಟಿಸ್ ಬಂದ್ರೆ ಹೆದರಿ ಸುಮ್ನೆ ಕೂರಬೇಡಿ, ಈ ಎರಡು ಕಾಗದ ತಗೊಂಡು ನಿಮ್ಮ ವಕೀಲರನ್ನ ನೋಡಿ. ಮರಿ ಎಲ್ಲಿ ಬಿಟ್ರು ಅಂತ ಆನ್‌ಲೈನಲ್ಲಿ ಇನ್ನು ಬೇರೆಲ್ಲೂ ಬರೆಯೋದು ಬೇಡ.

ಕಾಡುದಾರಿ:

ಒಳ್ಳೇ ಕೆಲಸ ಮಾಡಿದ್ರಿ ತಂಗಿ. ತಿಪ್ಪೆ ವಿಷಯಕ್ಕೆ ಬರೋಣ. ಕೇರೆ ಮೊಟ್ಟೆ ಮರಿ ಆಗೋಕೆ ಸುಮಾರು ಎರಡು ತಿಂಗಳು ಬೇಕು, ಅಷ್ಟು ದಿನ ಗೊಬ್ಬರದ ಬಿಸಿಯೇ ಅದಕ್ಕೆ ಕಾವು. ಸಾಧ್ಯವಾದ್ರೆ ಬೇಸಿಗೆ ಶುರುವಲ್ಲೇ, ಮೊಟ್ಟೆ ಇಡೋ ಮುಂಚೆ ಗೊಬ್ಬರ ಹೊಡೆಸಿಬಿಡಿ. ಆಗದೇ ಇದ್ದು ಮಧ್ಯದಲ್ಲಿ ಮೊಟ್ಟೆ ಕಂಡ್ರೆ ಅಲ್ಲಿಗೇ ಅಗೆಯೋದು ನಿಲ್ಲಿಸಿ, ಬರಿಗೈ ಹಾಕಬೇಡಿ, ಯಾಕಂದ್ರೆ ನಾಗರಹಾವಾಗಿದ್ರೆ ತಾಯಿ ಅಲ್ಲೇ ಒಳಗಡೆ ಇರಬಹುದು. ಗುದ್ದಲಿ ಹಿಡಿಯ ಉದ್ದಕ್ಕೆ ದೂರ ನಿಂತು ಅದೇ ಗೊಬ್ಬರವನ್ನ ಮೊದಲಿದ್ದಷ್ಟು ಆಳಕ್ಕೆ ಮೇಲೆ ಎಳೆದು ಮುಚ್ಚಿ, ಮೊಟ್ಟೆ ಹೊರಳಿಸಬೇಡಿ, ಹೊರಳಿದ್ರೆ ಒಳಗಿರೋ ಮರಿ ಸಾಯಬಹುದು. ಒಂದು ಕೋಲು ನೆಟ್ಟು ಗುರುತು ಇಟ್ಕೊಳ್ಳಿ. ಉಳಿದ ಕಡೆಯಿಂದ ಗೊಬ್ಬರ ತುಂಬಿ, ಆ ಮೂಲೆ ಮಳೆಗಾಲ ಮುಗಿಯೋವರೆಗೂ ಹಾಗೇ ಇರ್ಲಿ. ಮುಚ್ಚೋಕೂ ಆಗದಷ್ಟು ಚದುರಿ ಹೋಗಿದ್ರೆ ಆಗ 1926, ಅದೇ ದಿನ. ಕೂಲಿಯವರಿಗೆ ಈಗಲೇ ಹೇಳಿಡಿ, ಕೆಲಸದ ದಿನ ಹೇಳಿದ್ರೆ ಗುದ್ದಲಿ ಆಗಲೇ ಬಿದ್ದಿರುತ್ತೆ. ನಿಮ್ಮ ತಮ್ಮನಿಗೆ ಆ ಮೂಲೆ ಕಾಯೋ ಕೆಲಸ ಕೊಡಿ, ಮಳೆ ಹಿಡಿದ ಮೇಲೆ ಬೆಳಗ್ಗೆ ಹೊತ್ತು ದೂರದಿಂದ ನೋಡ್ತಿದ್ರೆ ಮರಿ ಹೊರಗೆ ಬರೋದು ಕಾಣಿಸಬಹುದು, ಆಗ ಬೇಕಾದಷ್ಟು ಫೋಟೋ ತಗೊಳ್ಳಲಿ.